ಡಾಲರ್ ಗೆರೆ ದಾಟಿತೋ ಇಲ್ಲವೋ: ಮೂರೂವರೆಗೆ ನೋಡಿ

ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ಮನೆ ಹುಬ್ಬಳ್ಳಿಯಲ್ಲಿ, ಅಂಗಡಿ ಬ್ಯಾಡಗಿಯಲ್ಲಿ. ಖರೀದಿ, ಗೋದಾಮು ನಮ್ಮ ಮನೆಯವರು ಮತ್ತು ಮೈದುನ ನೋಡಿಕೊಳ್ಳುತ್ತಾರೆ. ಬ್ಯಾಂಕು, ಇನ್‌ವಾಯ್ಸು, ಡಾಲರ್ ಲೆಕ್ಕ ನನ್ನದು. ವರ್ಷಕ್ಕೆ ಕೆಲವೇ ಕಂಟೇನರ್ ಹೊರದೇಶಕ್ಕೆ ಹೋಗುತ್ತವೆ. ಕ್ವಿಂಟಲ್‌ಗೆ ನೂರು ರೂಪಾಯಿ ಹೆಚ್ಚುಕಮ್ಮಿ ಆದರೆ ನಮ್ಮ ಮನೆಯಲ್ಲಿ ರಾತ್ರಿ ಊಟದ ತನಕ ಅದೇ ಮಾತು. ಡಾಲರ್ ಒಂದು ರೂಪಾಯಿ ಇಳಿದರೆ 20,000 ಡಾಲರಿನ ಇನ್‌ವಾಯ್ಸ್ ಮೇಲೆ 20,000 ರೂಪಾಯಿ ಹೋಗುತ್ತದೆ. ಅದರ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

2025ರ ಫೆಬ್ರುವರಿ ಕೊನೆಯಲ್ಲಿ ಅಂಥದ್ದೇ ಒಂದು ಇನ್‌ವಾಯ್ಸ್ ಹಾಕಿದೆವು. ಆಗ ಡಾಲರ್ 87 ರೂಪಾಯಿಯ ಮೇಲಿತ್ತು. ಎರಡು ತಿಂಗಳ ಹಿಂದೆ, ಡಿಸೆಂಬರ್‌ನಲ್ಲಷ್ಟೇ ಅದು ಮೊದಲ ಸಲ 85 ದಾಟಿತ್ತು. ಡಾಲರ್ ಇನ್ನು ಇಳಿಯುವುದೇ ಇಲ್ಲ ಅಂತ ಪೇಟೆಯಲ್ಲಿ ಎಲ್ಲರೂ ಅನ್ನುತ್ತಿದ್ದರು. ನಾನೂ ನಂಬಿದೆ. ಮಾರ್ಚ್ ಮೂರನೇ ವಾರದಲ್ಲಿ ದರ 86.50ರ ಕೆಳಗೆ ಜಾರಿತು. ಶುಕ್ರವಾರದ ಹೊತ್ತಿಗೆ 86ರ ಹತ್ತಿರ ಬಂದು ನಿಂತಿತು. ನಾನು ಸುಮ್ನೆ ನೋಡುತ್ತಾ ಕೂತೆ. ಏಪ್ರಿಲ್ ಕೊನೆಗೆ ದುಡ್ಡು ಬಂದಾಗ ಡಾಲರ್ 85ರ ಸುಮಾರಿಗಿತ್ತು. ನಮಗೆ ಹತ್ತಿರ ಹತ್ತಿರ 40,000 ರೂಪಾಯಿ ಕಡಿಮೆ ಬಂತು.

ಆಮೇಲೆ ಹಳೆಯ ದರಗಳನ್ನೆಲ್ಲ ತೆಗೆದು, ಮಗಳ ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಚುಕ್ಕಿ ಇಟ್ಟು ನೋಡಿದೆ. ಫೆಬ್ರುವರಿ ಮಧ್ಯದಿಂದ ಮಾರ್ಚ್ ಮಧ್ಯದ ತನಕ ಚುಕ್ಕಿಗಳು 86.50 ಮತ್ತು 87.50ರ ನಡುವೆ ಓಡಾಡಿದ್ದವು. ಮೇಲೊಂದು ಗೋಡೆ, ಕೆಳಗೊಂದು ಗೋಡೆ. ಮುಂದೆ ಇವನ್ನೇ ಗೆರೆ ಅನ್ನುತ್ತೇನೆ. ಕೆಳಗಿನ ಗೋಡೆ ಬಿದ್ದ ವಾರವೇ ನಾನು ಡಾಲರ್ ಮಾರಬೇಕಿತ್ತು. ಇಂಥ ಗೋಡೆ ಬೀಳುವುದನ್ನೇ ಬ್ರೇಕ್‌ಔಟ್ ಅನ್ನುತ್ತಾರೆ. ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡುವುದು, ನಾನು ಈಗ ಮಾಡುವ ರೀತಿಯಲ್ಲೇ ಬರೆಯುತ್ತಿದ್ದೇನೆ. ನಮ್ಮ ಹಾಗೆ ಡಾಲರಿನಲ್ಲಿ ದುಡ್ಡು ಬರುವ ಸಣ್ಣ ವ್ಯಾಪಾರಿಗಳಿಗೆ ಇದು ಬೇಕು.

ಮೊದಲು ಯಾರು ಮಾಡಬಹುದು ಅನ್ನುವುದು

ಇದನ್ನು ಬಿಟ್ಟು ಮುಂದೆ ಓದಬೇಡಿ. ನಮ್ಮ ದೇಶದಲ್ಲಿ ರೂಪಾಯಿ ಸೇರಿದ ಕರೆನ್ಸಿ ಫ್ಯೂಚರ್ಸ್ (ಮುಂದಿನ ದಿನಾಂಕದ ಡಾಲರನ್ನು ಇವತ್ತೇ ದರ ಹಿಡಿದು ಷೇರುಪೇಟೆಯಲ್ಲಿ ಮಾರುವ ಅಥವಾ ಕೊಳ್ಳುವ ಒಪ್ಪಂದ) ಮಾಡಬೇಕಾದರೆ ನಿಮಗೆ ನಿಜವಾದ ಡಾಲರ್ ವ್ಯವಹಾರ ಇರಬೇಕು. ಬರಬೇಕಾದ ಇನ್‌ವಾಯ್ಸ್, ಕೊಡಬೇಕಾದ ಬಿಲ್, ಹೀಗೆ ಒಪ್ಪಂದವಾದ ಒಂದು ಮೊತ್ತ. ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಇದನ್ನು ಸ್ಪಷ್ಟ ಮಾಡಿತು, ಆ ವರ್ಷದ ಮೇ 3ರಿಂದ ಜಾರಿಗೆ ಬಂತು. 10 ಕೋಟಿ ಡಾಲರ್ ತನಕ ಕಾಗದಪತ್ರ ತೋರಿಸಬೇಕಿಲ್ಲ. ಆದರೆ ವ್ಯವಹಾರ ಇರಲೇಬೇಕು. ಅದೇ ಇನ್‌ವಾಯ್ಸ್‌ಗೆ ಬ್ಯಾಂಕಿನಲ್ಲಿ ಫಾರ್ವರ್ಡ್ (ಬ್ಯಾಂಕಿನ ಜೊತೆಗೇ ಮುಂದಿನ ದರ ಹಿಡಿಸುವುದು) ಮಾಡಿಸಿದ್ದರೆ ಇಲ್ಲಿ ಮತ್ತೊಮ್ಮೆ ಮಾರುವಂತಿಲ್ಲ. ನಾನು ಪ್ರತಿ ಇನ್‌ವಾಯ್ಸ್ ಪ್ರತಿಯ ಹಿಂದೆ ಎಷ್ಟು ಲಾಟ್ (ಫ್ಯೂಚರ್ಸ್ ಮಾರುವ ಅಳತೆ, ಲೆಕ್ಕ ಮುಂದಿದೆ) ಮಾರಿದೆ ಅಂತ ಬರೆದು ಫೈಲ್ ಮಾಡುತ್ತೇನೆ. ಯಾರು ಯಾವಾಗ ಕೇಳಿದರೂ ತೆಗೆದು ತೋರಿಸಬಹುದು.

ಹಾಗಾದರೆ ಮೊಬೈಲಿನಲ್ಲಿ ಬರುವ ಫಾರೆಕ್ಸ್ ಆ್ಯಪ್‌ಗಳು? ನಮ್ಮ ಭಾವನವರ ಮಗ, ಇಂಜಿನಿಯರಿಂಗ್ ಓದುವ ಹುಡುಗ, ಅಂಥದ್ದರಲ್ಲಿ ಸಿಕ್ಕಿಕೊಂಡಿದ್ದ. ಯಾವುದೋ ಟೆಲಿಗ್ರಾಂ ಗುಂಪು. ಒಂದಕ್ಕೆ ಐನೂರು ಪಟ್ಟು ಲಿವರೇಜ್, ಅಂದರೆ ಕಟ್ಟಿದ ದುಡ್ಡಿನ ಐನೂರು ಪಟ್ಟು ವಹಿವಾಟು. ಮೊದಲ ವಾರ ಲಾಭ ತೋರಿಸಿತು. ಮನೆಯಲ್ಲಿ ಹೇಳದೆ ಅರವತ್ತು ಸಾವಿರ ಹಾಕಿದ. ವಾಪಸ್ ತೆಗೆಯಲು ಹೋದಾಗ ಇನ್ನೂ ಇಪ್ಪತ್ತು ಸಾವಿರ ‘ತೆರಿಗೆ’ ಕಟ್ಟು ಅಂದರು. ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, “ಕಾಕು, ಗೆರಿ ದಾಟಿದ ಕೂಡ್ಲೆ ತಗೊಂಡೆ, ತಪ್ಪು ಏನ್ ಮಾಡೇನಿ?” ಅಂತ ಕೇಳಿದ. ಮುಖ ಬಾಡಿಹೋಗಿತ್ತು. ಅವನ ತಪ್ಪು ಗೆರೆಯದ್ದಲ್ಲ. ಅಧಿಕೃತ ಬ್ಯಾಂಕು, ರಿಸರ್ವ್ ಬ್ಯಾಂಕ್ ಒಪ್ಪಿದ ವೇದಿಕೆ, ಇಲ್ಲವೇ ಎನ್‌ಎಸ್‌ಇ, ಬಿಎಸ್‌ಇಯಂಥ ಷೇರುಪೇಟೆ ಬಿಟ್ಟು ಬೇರೆಡೆ ಫಾರೆಕ್ಸ್ ವಹಿವಾಟು ಮಾಡಿದರೆ ಅದು ವಿದೇಶಿ ವಿನಿಮಯದ ಫೆಮಾ ಕಾಯ್ದೆಗೆ ವಿರುದ್ಧ. ರಿಸರ್ವ್ ಬ್ಯಾಂಕ್ 2022ರಿಂದ ಇಂಥ ಅನಧಿಕೃತ ಆ್ಯಪ್‌ಗಳ ಪಟ್ಟಿ ಕೊಡುತ್ತಾ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದು ಸರಿ ಅಂತಲೂ ಅರ್ಥವಲ್ಲ. ನಿಮ್ಮ ಮನೆಯ ಹುಡುಗರಿಗೆ ಇದೊಂದನ್ನು ಇವತ್ತೇ ಹೇಳಿ.

ಲಾಟಿನ ಲೆಕ್ಕ

ಎನ್‌ಎಸ್‌ಇಯಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ ಶುರುವಾಗಿದ್ದು 2008ರ ಆಗಸ್ಟ್‌ನಲ್ಲಿ. ಒಂದು ಲಾಟ್ ಅಂದರೆ 1,000 ಡಾಲರ್. ಯೂರೋ, ಪೌಂಡ್ ಕೂಡ ಸಾವಿರವೇ, ಜಪಾನಿನ ಯೆನ್ ಮಾತ್ರ ಒಂದು ಲಕ್ಷ. ದರ ಕಾಲು ಪೈಸೆಯ ಹೆಜ್ಜೆಯಲ್ಲಿ ಚಲಿಸುತ್ತದೆ. ಒಂದು ಪೈಸೆ ಅಂದರೆ ಲಾಟ್‌ಗೆ ಹತ್ತು ರೂಪಾಯಿ, ಒಂದು ರೂಪಾಯಿ ಅಂದರೆ ಸಾವಿರ. ಇದಿಷ್ಟು ಬಾಯಲ್ಲಿದ್ದರೆ ಮುಂದಿನ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಡ. ಪ್ರತಿ ತಿಂಗಳ ಕೊನೆಯ ಕೆಲಸದ ದಿನಕ್ಕೆ ಎರಡು ಕೆಲಸದ ದಿನ ಮೊದಲು, ಮಧ್ಯಾಹ್ನ 12.30ಕ್ಕೆ ಆ ತಿಂಗಳ ಲಾಟ್ ಮುಗಿಯುತ್ತದೆ. ಡಾಲರ್ ನೋಟು ಕೈಗೆ ಬರುವುದಿಲ್ಲ. ವ್ಯತ್ಯಾಸ ರೂಪಾಯಿಯಲ್ಲಿ ಜಮಾ ಅಥವಾ ಖರ್ಚಾಗುತ್ತದೆ.

2024ರ ನಿಯಮದ ನಂತರ ಇಲ್ಲಿ ವಹಿವಾಟು ತುಂಬಾ ಕಡಿಮೆಯಾಗಿದೆ. ಹಾಗಾಗಿ ‘ಮಾರ್ಕೆಟ್’ ಆರ್ಡರ್ ಹಾಕಬೇಡಿ, ಯಾವತ್ತೂ ‘ಲಿಮಿಟ್’ ಹಾಕಿ. ಮೊದಲನೆಯದು ಸಿಕ್ಕ ದರಕ್ಕೆ ಹೋಗುತ್ತದೆ, ಎರಡನೆಯದು ನೀವು ಹೇಳಿದ ದರ ಸಿಕ್ಕರೆ ಮಾತ್ರ. ಕೊಳ್ಳುವವರ ಮತ್ತು ಮಾರುವವರ ದರದ ನಡುವೆ ಎರಡು-ಮೂರು ಪೈಸೆ ಅಂತರ ಕಂಡರೆ ಎರಡು ನಿಮಿಷ ಕಾಯಿರಿ. ದೂರದ ತಿಂಗಳ ಲಾಟ್‌ನಲ್ಲಿ ಗಿರಾಕಿಯೇ ಇರುವುದಿಲ್ಲ. ಈ ತಿಂಗಳದ್ದು ಅಥವಾ ಮುಂದಿನ ತಿಂಗಳದ್ದು ಸಾಕು.

ಗೆರೆ ಎಲ್ಲಿ ಎಳೆಯಬೇಕು

ಇಲ್ಲಿಂದ ನಿಜವಾದ ಕೆಲಸ. ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಪ್ಪತ್ತು ಕೆಲಸದ ದಿನಗಳ ಕ್ಲೋಸಿಂಗ್ ದರ, ಅಂದರೆ ದಿನ ಮುಗಿದಾಗಿನ ದರ, ಬರೆದುಕೊಳ್ಳಿ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಮೇಲಿನ ಗೆರೆ, ಎಲ್ಲಕ್ಕಿಂತ ಕಡಿಮೆ ಇರುವುದು ಕೆಳಗಿನ ಗೆರೆ. ಇಪ್ಪತ್ತು ಅನ್ನುವುದು ನನ್ನ ಕಲ್ಪನೆಯಲ್ಲ. ಅಮೆರಿಕದ ರಿಚರ್ಡ್ ಡಾಂಚಿಯನ್ ಅನ್ನುವವರು ಹೀಗೆ ಇಷ್ಟು ದಿನಗಳ ಮೇಲಿನ-ಕೆಳಗಿನ ದರಕ್ಕೆ ಗೆರೆ ಎಳೆಯುವುದನ್ನು ರೂಢಿಗೆ ತಂದರು. 1983ರಲ್ಲಿ ಷಿಕಾಗೋದ ರಿಚರ್ಡ್ ಡೆನ್ನಿಸ್ ಅದೇ ಬಗೆಯ ಇಪ್ಪತ್ತು ದಿನದ ನಿಯಮವನ್ನು ತಮ್ಮ ಶಿಷ್ಯರಿಗೆ ಕಲಿಸಿದರು. ಅವರು ಕರೆನ್ಸಿ ಫ್ಯೂಚರ್ಸ್‌ನಲ್ಲೂ ಹಾಗೇ ವಹಿವಾಟು ಮಾಡಿದರು. ಆ ಶಿಷ್ಯರು ದರ ಗೆರೆ ದಾಟಿದ ಕೂಡಲೇ ಒಳಗೆ ಹೋಗುತ್ತಿದ್ದರು, ದಿನ ಮುಗಿಯುವ ತನಕ ಕಾಯುತ್ತಿರಲಿಲ್ಲ. ನಮ್ಮ ರೂಪಾಯಿಗೆ ಈ ಆತುರ ಸಲ್ಲುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಒಂದು ಬಲೆಯ ಬಗ್ಗೆ. ಬ್ರೋಕರ್ ಆ್ಯಪ್‌ನಲ್ಲಿ ಕಾಣುವ ಫ್ಯೂಚರ್ಸ್ ಚಾರ್ಟ್ ಮೇಲೆ ಗೆರೆ ಎಳೆಯಬೇಡಿ. ಭಾರತದ ಬಡ್ಡಿ ಅಮೆರಿಕದ ಬಡ್ಡಿಗಿಂತ ಹೆಚ್ಚಿರುವಾಗ ಮುಂದಿನ ತಿಂಗಳ ಡಾಲರ್ ಈ ತಿಂಗಳದ್ದಕ್ಕಿಂತ ಸ್ವಲ್ಪ ದುಬಾರಿ ಇರುತ್ತದೆ. ಅದನ್ನು ಪ್ರೀಮಿಯಂ ಅನ್ನುತ್ತಾರೆ. ತಿಂಗಳ ಕೊನೆಗೆ ಹಳೆಯ ಲಾಟ್ ಮುಗಿದು ಚಾರ್ಟ್ ಹೊಸ ಲಾಟ್‌ಗೆ ಹಾರಿದಾಗ ಹತ್ತು-ಹದಿನೈದು ಪೈಸೆ ಮೇಲೆ ಜಿಗಿದಂತೆ ಕಾಣುತ್ತದೆ. ಡಾಲರ್ ಇದ್ದಲ್ಲೇ ಇರುತ್ತದೆ, ಗೆರೆ ಮಾತ್ರ ದಾಟಿರುತ್ತದೆ! ರೇಂಜ್, ಅಂದರೆ ಎರಡು ಗೆರೆಗಳ ನಡುವಿನ ಅಗಲ, ಸಣ್ಣದಿದ್ದಾಗ ಇದು ಅಚ್ಚುಕಟ್ಟಾದ ಬ್ರೇಕ್‌ಔಟ್ ಥರವೇ ಇರುತ್ತದೆ. ಮೊದಲ ತಿಂಗಳು ನಾನೂ ಇದನ್ನು ನಂಬಿ ಮೇಲಿನ ಗೆರೆ ಹೋಯಿತು ಅಂತ ಬರೆದುಕೊಂಡಿದ್ದೆ. ಎರಡು ದಿನ ಕಳೆದ ಮೇಲೆ ಬ್ಯಾಂಕಿನ ದರ ನೋಡಿದಾಗ ಗೊತ್ತಾಯಿತು.

ಆದ್ದರಿಂದ ಗೆರೆ ಸ್ಪಾಟ್ ದರದ, ಅಂದರೆ ಡಾಲರಿನ ಈಗಿನ ದರದ ಮೇಲೆ, ಮಾರಾಟ ಫ್ಯೂಚರ್ಸ್‌ನಲ್ಲಿ. ಬ್ಯಾಂಕುಗಳ ನಡುವಿನ ಸ್ಪಾಟ್ ಪೇಟೆ ಬೆಳಿಗ್ಗೆ 9ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಗಿಯುತ್ತದೆ. ಫ್ಯೂಚರ್ಸ್ ಪೇಟೆ ಸಂಜೆ 5ರ ತನಕ ಇರುತ್ತದೆ. ನಡುವೆ ಒಂದೂವರೆ ತಾಸು ಸಿಗುತ್ತದೆ. ಇದು ನಮ್ಮಂಥವರಿಗೆ ದೊಡ್ಡ ಅನುಕೂಲ. ಸ್ಪಾಟ್ ಗೆರೆಯ ಆಚೆ ನಿಂತೇ ದಿನ ಮುಗಿಸಿತೋ ಇಲ್ಲವೋ ಮೂರೂವರೆಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅದೇ ದಿನ ಮಾರಲು ಪೇಟೆ ತೆರೆದೇ ಇರುತ್ತದೆ. ನಾನು ಫೋನಿನಲ್ಲಿ 3.35ಕ್ಕೆ ಅಲಾರಂ ಇಟ್ಟಿದ್ದೇನೆ. ಅದು ಹೊಡೆದಾಗ ಚಹಾ ಒಲೆ ಮೇಲೆ ಇಟ್ಟು, ಕ್ಲೋಸಿಂಗ್ ಬರೆದು, ಗೆರೆ ನೋಡುತ್ತೇನೆ. ಬಹಳ ದಿನ ಏನೂ ಮಾಡಬೇಕಾಗಿಯೇ ಬರುವುದಿಲ್ಲ. ಚಹಾ ಕುಡಿದು ನೋಟ್‌ಬುಕ್ ಮುಚ್ಚುತ್ತೇನೆ.

ದಿನದ ನಡುವೆ ಮುಟ್ಟಿದ ದರವನ್ನು ಬಿಟ್ಟು ಕ್ಲೋಸಿಂಗನ್ನೇ ಯಾಕೆ ನೋಡಬೇಕು ಅನ್ನುವುದು ನನಗೆ ಅರ್ಥವಾಗಿದ್ದು ಬ್ಯಾಡಗಿಯಿಂದಲೇ. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆ. ಒಂದೇ ದಿನಕ್ಕೆ ಸಾವಿರಾರು ಲಾಟ್ (ಅಲ್ಲಿ ಲಾಟ್ ಅಂದರೆ ಕಾಯಿಯ ರಾಶಿ) ಟೆಂಡರ್‌ಗೆ ಬರುತ್ತವೆ. ಯಾವುದೋ ಒಂದು ಲಾಟ್ ಡಬ್ಬಿ ಕಾಯಿ, ಬಣ್ಣ ಚೆನ್ನಾಗಿ ಕೂತದ್ದು, ಬಹಳ ದೊಡ್ಡ ದರಕ್ಕೆ ಹೋಗುತ್ತದೆ. ಮರುದಿನ ಪೇಪರಿನಲ್ಲಿ ಅದೇ ಸುದ್ದಿ. ಆ ದರ ನಂಬಿ ಕಾಯಿ ಕೋಲ್ಡ್ ಸ್ಟೋರೇಜಿಗೆ ಹಾಕಿದ ರೈತರು ಎಷ್ಟೋ ಜನ. ನಮ್ಮ ಮಾವನವರು ಮೊದಲ ಸಲ ನನ್ನನ್ನು ಯಾರ್ಡಿಗೆ ಕರೆದುಕೊಂಡು ಹೋದಾಗ, “ಚಲೋ ಲಾಟ್ ಎಷ್ಟಕ್ಕ ಹೋತು ಅಂತ ನೋಡಬ್ಯಾಡವಾ. ಸಂಜಿಗೆ ರಾಶಿ ಎಲ್ಲಾ ಎಷ್ಟಕ್ಕ ಖಾಲಿ ಆತು, ಅದನ್ನ ನೋಡು” ಅಂದಿದ್ದರು. ಡಾಲರ್ ಪೇಟೆಯಲ್ಲೂ ಹಾಗೇ. ಹನ್ನೊಂದು ಗಂಟೆಗೆ ಯಾರೋ ಒಬ್ಬರು ತುರ್ತಾಗಿ ಕೊಂಡ ದರ ಒಂದು, ದಿನವೆಲ್ಲ ಕೊಟ್ಟು ತೆಗೆದುಕೊಂಡು ಎಲ್ಲರೂ ಒಪ್ಪಿ ಮನೆಗೆ ಹೋದ ದರ ಇನ್ನೊಂದು.

ರೂಪಾಯಿ ಗೆರೆಯ ಹತ್ತಿರ ರಿಸರ್ವ್ ಬ್ಯಾಂಕ್ ನಿಂತಿರುತ್ತದೆ

ಯೂರೋ-ಡಾಲರ್, ಡಾಲರ್-ಯೆನ್ ಬೇರೆ. ಇಡೀ ಜಗತ್ತಿನ ಕರೆನ್ಸಿ ಪೇಟೆಯಲ್ಲಿ 2025ರ ಏಪ್ರಿಲ್‌ನ ಎಣಿಕೆಯಂತೆ ದಿನಕ್ಕೆ 9.6 ಲಕ್ಷ ಕೋಟಿ ಡಾಲರ್ ವಹಿವಾಟು ನಡೆಯುತ್ತಿತ್ತು. ಅಂಥ ಜೋಡಿಗಳಲ್ಲಿ ಗೆರೆ ಒಡೆದರೆ ತಡೆಯುವವರು ಕಡಿಮೆ. ರೂಪಾಯಿಯಲ್ಲಿ ರಿಸರ್ವ್ ಬ್ಯಾಂಕ್ ಡಾಲರ್ ಮಾರುತ್ತದೆ, ಕೊಳ್ಳುತ್ತದೆ. ಏರಿಳಿತ ಅತಿಯಾಗಬಾರದು ಅಂತ. 2022ರ ಡಿಸೆಂಬರ್‌ನಿಂದ 2023ರ ಅಕ್ಟೋಬರ್ ತನಕ ರೂಪಾಯಿ ಎಷ್ಟು ಅಲ್ಲಾಡದೆ ಇತ್ತು ಅಂದರೆ, ಐಎಂಎಫ್ ಆ ಅವಧಿಗೆ ನಮ್ಮ ವ್ಯವಸ್ಥೆಯನ್ನು ‘ತೇಲುವ’ ದರ ಅನ್ನುವ ಗುಂಪಿನಿಂದ ತೆಗೆದು ‘ಸ್ಥಿರಗೊಳಿಸಿದ’ ದರ ಅನ್ನುವ ಗುಂಪಿಗೆ ಹಾಕಿತು. ಅಂಥ ಕಾಲದಲ್ಲಿ ಗೆರೆ ದಾಟಿತು ಅಂತ ಬೆನ್ನು ಹತ್ತಿದರೆ ಪದೇ ಪದೇ ಏಟು ಬೀಳುತ್ತದೆ.

2025ರ ಫೆಬ್ರುವರಿ 10 ನೋಡಿ. ಅವತ್ತು ಡಾಲರ್ 88ರ ಹತ್ತಿರಕ್ಕೆ ಹೋಯಿತು, ಅಲ್ಲಿಯ ತನಕದ ದಾಖಲೆ. ಆವತ್ತು ಬೆಳಿಗ್ಗೆ ಚಾರ್ಟ್ ನೋಡಿದವರಿಗೆ ಅದು ಖಂಡಿತ ಬ್ರೇಕ್‌ಔಟ್. ರಿಸರ್ವ್ ಬ್ಯಾಂಕ್ ಡಾಲರ್ ಮಾರಲು ಇಳಿಯಿತು. ಮರುದಿನದ ಹೊತ್ತಿಗೆ ದರ ಹಿಂದಿನ ದಿನದ ತುದಿಯಿಂದ ಒಂದು ರೂಪಾಯಿಯಷ್ಟು ಕೆಳಗಿತ್ತು. ಡಾಲರ್ ಬಿಲ್ ಕಟ್ಟಬೇಕಾದ ಆಮದುದಾರ ಗಾಬರಿಯಾಗಿ ಆ ಬೆಳಿಗ್ಗೆ ಹತ್ತು ಲಾಟ್ ಕೊಂಡಿದ್ದರೆ ಒಂದೇ ದಿನಕ್ಕೆ ಹತ್ತು ಸಾವಿರ ಹತ್ತಿರ ಹೋಗುತ್ತಿತ್ತು.

ಇದಕ್ಕಾಗಿ ನಾನು ಕ್ಲೋಸಿಂಗ್ ಜೊತೆ ಇನ್ನೊಂದು ನಿಯಮ ಇಟ್ಟುಕೊಂಡಿದ್ದೇನೆ. ಎರಡು ಗೆರೆಗಳ ನಡುವಿನ ಅಗಲದ ಕಾಲು ಭಾಗದಷ್ಟಾದರೂ ಆಚೆ ಹೋಗಿ ದಿನ ಮುಗಿಯಬೇಕು. ಅಗಲ 80 ಪೈಸೆ ಇದ್ದರೆ 20 ಪೈಸೆ ಆಚೆ. ಅಗಲ 40 ಇದ್ದರೆ 10. ಎರಡು-ಮೂರು ಪೈಸೆ ದಾಟಿದ್ದನ್ನು ನಾನು ದಾಟಿದ್ದು ಅಂತ ಎಣಿಸುವುದಿಲ್ಲ. ಇದರಿಂದ ಕೆಲವು ಪೈಸೆ ಕಳೆದುಕೊಳ್ಳುತ್ತೇನೆ, ನಿಜ. ಆದರೆ ಹುಸಿ ಬ್ರೇಕ್‌ಔಟ್ ಅರ್ಧಕ್ಕರ್ಧ ಇಲ್ಲೇ ಜರಡಿಯಾಗುತ್ತವೆ ಅನ್ನುವುದು ನನ್ನ ನೋಟ್‌ಬುಕ್ಕಿನ ಅನುಭವ.

ಸಮಯದ ಬಗ್ಗೆಯೂ ಒಂದು ಮಾತು. ಅಮೆರಿಕದ ಉದ್ಯೋಗದ ಅಂಕಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಬರುತ್ತದೆ. ನಮ್ಮ ಗಡಿಯಾರದಲ್ಲಿ ಅವರ ಬೇಸಿಗೆಗೆ ಸಂಜೆ 6, ಚಳಿಗಾಲಕ್ಕೆ 7. ಆ ಹೊತ್ತಿಗೆ ನಮ್ಮ ಪೇಟೆ ಮುಚ್ಚಿರುತ್ತದೆ. ಸಿಂಗಪುರ, ದುಬೈ, ಲಂಡನ್‌ನಲ್ಲಿ ರೂಪಾಯಿಯ ವಹಿವಾಟು ನಡೆಯುತ್ತಲೇ ಇರುತ್ತದೆ. ಸೋಮವಾರ ಬೆಳಿಗ್ಗೆ 9ಕ್ಕೆ ದರ ನೇರವಾಗಿ ಬೇರೆಯೇ ಜಾಗದಲ್ಲಿ ತೆರೆಯಬಹುದು. ನಡುವೆ ಯಾವ ದರದಲ್ಲೂ ನಿಮಗೆ ಹೊರಬರಲು ಅವಕಾಶ ಇರುವುದಿಲ್ಲ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಅಂತ ತಾನೇ ಕಾಯುತ್ತಿದ್ದ ಗೆರೆಯನ್ನು ಇದ್ದಕ್ಕಿದ್ದಂತೆ ಬಿಟ್ಟಿತು. ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗಿತ್ತು. 1.19ಕ್ಕೆ ಇಳಿದರೆ ಮಾರಿ ಹೊರಬರಲು ಸ್ಟಾಪ್‌ಲಾಸ್ ಇಟ್ಟವರಿಗೆ 1.19 ಸಿಗಲೇ ಇಲ್ಲ. ಅದಕ್ಕೇ ಶುಕ್ರವಾರ ಸಂಜೆ ಅಂಕಿ ಬರುವುದಿದ್ದರೆ, ಅಥವಾ ಮರುದಿನ ಬೆಳಿಗ್ಗೆ 10ಕ್ಕೆ ರಿಸರ್ವ್ ಬ್ಯಾಂಕ್ ಬಡ್ಡಿ ತೀರ್ಮಾನ ಹೇಳುವುದಿದ್ದರೆ, ಆ ದಿನದ ಬ್ರೇಕ್‌ಔಟ್‌ಗೆ ನಾನು ಅರ್ಧದಷ್ಟೇ ಕೈಹಾಕುತ್ತೇನೆ.

ಅರ್ಧ ಲೆಕ್ಕಕ್ಕೆ, ಅರ್ಧ ಗೆರೆಗೆ

20,000 ಡಾಲರ್ ಇನ್‌ವಾಯ್ಸ್, 60 ದಿನದ ಉದ್ದರಿ ಅಂದುಕೊಳ್ಳಿ. ಅಂದರೆ ಇಪ್ಪತ್ತು ಲಾಟ್. ಇನ್‌ವಾಯ್ಸ್ ಹಾಕಿದ ದಿನವೇ ಹತ್ತು ಲಾಟ್ ಮಾರಿಬಿಡಿ. ಚಾರ್ಟ್ ನೋಡಬೇಡಿ. ಈ ಹತ್ತು ಲಾಟ್ ಇರುವುದು ಕಾಯಿ ಖರೀದಿಗೆ ಹಾಕಿದ ದುಡ್ಡು ಕಾಪಾಡಲು. ಡಾಲರ್ ಏರಲಿ ಇಳಿಯಲಿ, ದುಡ್ಡು ಬರುವ ತನಕ ಇದನ್ನು ಮುಟ್ಟುವುದಿಲ್ಲ. ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇದಿಲ್ಲದೆ ಬರೀ ಬ್ರೇಕ್‌ಔಟ್ ಕಾಯುತ್ತಾ ಕೂತರೆ ಸಂಸಾರದ ದುಡ್ಡನ್ನು ಗೆರೆ ಮೇಲೆ ಇಟ್ಟಂತೆ.

ಉಳಿದ ಹತ್ತು ಲಾಟ್‌ಗೆ ಗೆರೆ. ಒಂದು ಉದಾಹರಣೆ ತೆಗೆದುಕೊಳ್ಳೋಣ, ದರ ನಾನು ಲೆಕ್ಕಕ್ಕಾಗಿ ಇಟ್ಟದ್ದು. ಸ್ಪಾಟ್‌ನಲ್ಲಿ ಕೆಳಗಿನ ಗೆರೆ 88.20, ಮೇಲಿನದು 88.92. ಅಗಲ 72 ಪೈಸೆ, ಕಾಲು ಭಾಗ 18. ಒಂದು ದಿನ ಮೂರೂವರೆಗೆ ಸ್ಪಾಟ್ 88.00ಕ್ಕೆ ಮುಗಿಯಿತು. ಗೆರೆಯಿಂದ 20 ಪೈಸೆ ಕೆಳಗೆ. ಸರಿ, ದಾಟಿತು. ಮುಂದಿನ ತಿಂಗಳ ಫ್ಯೂಚರ್ಸ್ 88.14ರಲ್ಲಿ ಓಡುತ್ತಿದೆ. ಐದು ಲಾಟ್ 88.14ಕ್ಕೆ ಲಿಮಿಟ್ ಹಾಕಿ ಮಾರುತ್ತೇನೆ. ಉಳಿದ ಐದು ಲಾಟ್‌ಗೆ ಎರಡು-ಮೂರು ದಿನ ಕಾಯುತ್ತೇನೆ. ಒಡೆದ ಗೆರೆಯ ಹತ್ತಿರ ದರ ಮತ್ತೊಮ್ಮೆ ಬಂದು ನೋಡಿ ಹೋಗುವುದು ಬಹಳ ಸಲ ನಡೆಯುತ್ತದೆ. 88.20ರ ತನಕ ಬಂದು, ಆದರೆ ಅದರ ಕೆಳಗೇ ದಿನ ಮುಗಿಸಿದರೆ ಉಳಿದ ಐದನ್ನೂ ಮಾರುತ್ತೇನೆ. ಬರದೆ ನೇರ ಇಳಿಯುತ್ತಾ ಹೋದರೆ? ಮೂರನೇ ದಿನ ಸಿಕ್ಕ ದರಕ್ಕೆ ಮಾರುತ್ತೇನೆ. ಇನ್ನೂ ಕಾಯುವುದಿಲ್ಲ.

ತಪ್ಪಾದರೆ ಎಲ್ಲಿ ಒಪ್ಪಿಕೊಳ್ಳಬೇಕು ಅನ್ನುವುದನ್ನು ಮಾರುವ ಮೊದಲೇ ಬರೆಯಬೇಕು. ನನ್ನದು ರೇಂಜಿನ ನಡು. 88.20 ಮತ್ತು 88.92ರ ನಡು 88.56. ಸ್ಪಾಟ್ ಅದರ ಮೇಲೆ ದಿನ ಮುಗಿಸಿದರೆ ಬ್ರೇಕ್‌ಔಟ್ ಸುಳ್ಳು. ಆವತ್ತೇ ಸಂಜೆ ಐದು ಗಂಟೆಯೊಳಗೆ ಆ ಲಾಟ್‌ಗಳನ್ನು ವಾಪಸ್ ಕೊಳ್ಳುತ್ತೇನೆ. 88.00ದಿಂದ 88.56 ಅಂದರೆ 56 ಪೈಸೆ, ಲಾಟ್‌ಗೆ 560 ರೂಪಾಯಿ, ಹತ್ತು ಲಾಟ್‌ಗೆ 5,600. ಸ್ವಲ್ಪ ಹೆಚ್ಚೂ ಆಗಬಹುದು, ಕ್ಲೋಸಿಂಗ್‌ಗೆ ಕಾಯುತ್ತೇವಲ್ಲ. ಈ ಮೊತ್ತವನ್ನು ನೋಡಿ ಎದೆ ಝಲ್ ಅಂದರೆ ಲಾಟ್ ಕಡಿಮೆ ಮಾಡಿ. ತಪ್ಪು ಒಪ್ಪಿಕೊಳ್ಳುವ ಗೆರೆಯನ್ನು ಹತ್ತಿರ ತರಬೇಡಿ. ಸ್ಟಾಪ್‌ಲಾಸ್ ಹತ್ತಿರ ತಂದರೆ ಸುರಕ್ಷಿತ ಅನ್ನಿಸುತ್ತದೆ, ಆದರೆ ದಿನನಿತ್ಯದ ಸಣ್ಣ ಅಲುಗಾಟಕ್ಕೇ ಅದು ಕಡಿದು ಹೋಗುತ್ತದೆ. ಅಂದಹಾಗೆ, ಡಾಲರ್ ಏರಿದಾಗ ಫ್ಯೂಚರ್ಸ್‌ನಲ್ಲಿ ಹೋದ ದುಡ್ಡು ಇನ್‌ವಾಯ್ಸ್‌ನಲ್ಲಿ ಬರುತ್ತದೆ. ಹಾಗಾಗಿ ಇದು ಪೂರ್ತಿ ನಷ್ಟವಲ್ಲ.

ಆದರೆ ಎರಡೂ ಒಂದೇ ದಿನ ಬರುವುದಿಲ್ಲ. ಇಲ್ಲೇ ಸಣ್ಣ ವ್ಯಾಪಾರಿ ಸಿಕ್ಕಿಬೀಳುವುದು. ಫ್ಯೂಚರ್ಸ್ ಲಾಭ-ನಷ್ಟ ಪ್ರತಿದಿನ ಸಂಜೆ ಲೆಕ್ಕವಾಗಿ ಖಾತೆಯಿಂದ ಕಡಿತವಾಗುತ್ತದೆ. ಇನ್‌ವಾಯ್ಸ್ ದುಡ್ಡು ಬರುವುದು ಎರಡು ತಿಂಗಳಿಗೆ. ಇಪ್ಪತ್ತು ಲಾಟ್ ಮಾರಿದ್ದೀರಿ, ಡಾಲರ್ ಒಂದು ರೂಪಾಯಿ ಏರಿತು ಅಂದರೆ 20,000 ರೂಪಾಯಿ ನಗದು ಈಗಲೇ ಕಟ್ಟಬೇಕು. ಸೀಸನ್ನಿನಲ್ಲಿ ನಮ್ಮ ದುಡ್ಡೆಲ್ಲ ಚೀಲಗಳಲ್ಲಿ ಕೂತಿರುತ್ತದೆ. ಒಮ್ಮೆ ಮೈದುನನಿಗೆ ಗುರುವಾರದ ಖರೀದಿಗೆ ಹಣ ಬೇಕಿತ್ತು, ಅದೇ ದಿನ ಬ್ರೋಕರ್ ಕಚೇರಿಯಿಂದ ಮಾರ್ಜಿನ್, ಅಂದರೆ ಲಾಟ್‌ಗಾಗಿ ಇಡಬೇಕಾದ ಠೇವಣಿ, ತುಂಬಿ ಅಂತ ಫೋನ್ ಬಂತು. “ವೈನಿ, ಯಾವುದಕ್ಕ ಕೊಡ್ತೀರಿ?” ಅಂದ. ಆವತ್ತು ಖರೀದಿ ಕಡಿಮೆ ಮಾಡಿದೆವು. ಈಗ ಪ್ರತಿ ಲಾಟ್‌ಗೆ ಮಾರ್ಜಿನ್ ಬಿಟ್ಟು ಇನ್ನೂ ಎರಡು ಸಾವಿರ ಬೇರೆ ಖಾತೆಯಲ್ಲಿ ತೆಗೆದಿಡುತ್ತೇನೆ. ಎರಡು ರೂಪಾಯಿ ಏರಿದರೂ ತಡೆಯುತ್ತದೆ. ಅಷ್ಟು ತೆಗೆದಿಡಲು ಆಗದಿದ್ದರೆ ಬ್ಯಾಂಕಿನ ಫಾರ್ವರ್ಡ್ ಕೇಳಿ, ಅಲ್ಲಿ ದಿನದ ಕಡಿತದ ಕಾಟವಿಲ್ಲ. ಮಿತಿ ಮತ್ತು ಶುಲ್ಕ ಬ್ಯಾಂಕಿನವರ ಹತ್ತಿರ ಮಾತಾಡಿಕೊಳ್ಳಬೇಕು.

ಮೇಲಿನ ಗೆರೆ ಒಡೆದರೆ

ಡಾಲರ್ ಮೇಲಕ್ಕೆ ಹೊರಟರೆ ರಫ್ತು ಮಾಡುವವರಿಗೆ ಕೆಲಸ ಕಡಿಮೆ. ಮೊದಲ ಹತ್ತು ಲಾಟ್ ಹಾಗೇ ಇರಲಿ. ಎರಡನೇ ಹತ್ತು ಇನ್ನೂ ಮಾರಿಲ್ಲದಿದ್ದರೆ ಮಾರಬೇಡಿ, ಏರಿಕೆ ಅನುಭವಿಸಲಿ. ದಿನ ದಿನ ಗೆರೆ ಹೊಸದಾಗುತ್ತಾ ಹೋಗುತ್ತದೆ, ಇಪ್ಪತ್ತು ದಿನದ ಕೆಳಗಿನ ಗೆರೆಯೂ ಮೇಲೇರುತ್ತದೆ. ಅದು ಒಡೆದ ದಿನ ಮಾರುತ್ತೀರಿ. ಇನ್ನೂ ಮೇಲೆ ಹೋಗುತ್ತದೆ ಅಂತ ಲಾಟ್ ಕೊಳ್ಳಲು ಹೋಗಬೇಡಿ. ನಿಮಗೆ ಬರಬೇಕಾದದ್ದೇ ಡಾಲರ್. ಅದರ ಮೇಲೆ ಮತ್ತೆ ಡಾಲರ್ ಕೊಂಡರೆ ಇಳಿದಾಗ ಎರಡೂ ಕಡೆ ಹೋಗುತ್ತದೆ, ನಿಯಮಕ್ಕೂ ಹೊರತು. ಪ್ಯಾಕಿಂಗ್ ಯಂತ್ರವೋ ಮತ್ತೊಂದೋ ಹೊರದೇಶದಿಂದ ತರಿಸುವವರಿಗೆ ಮಾತ್ರ ಎಲ್ಲ ತಿರುವುಮುರುವು. ಅವರು ಮೇಲಿನ ಗೆರೆ ಒಡೆದಾಗ ಕೊಳ್ಳಬೇಕು.

ಮಾರಿದ ಎರಡನೇ ಹತ್ತನ್ನು ಯಾವಾಗ ಬಿಡಿಸಬೇಕು? ಷಿಕಾಗೋದ ಆ ಶಿಷ್ಯರು ಒಳಗೆ ಹೋಗಲು ಇಪ್ಪತ್ತು ದಿನ, ಹೊರಬರಲು ಹತ್ತು ದಿನ ನೋಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಹಿಂದಿನ ಹತ್ತು ದಿನದ ಅತಿ ಹೆಚ್ಚಿನ ಕ್ಲೋಸಿಂಗ್ ಮೇಲೆ ದಿನ ಮುಗಿದರೆ ವಾಪಸ್ ಕೊಳ್ಳುತ್ತೇನೆ. ಇಳಿತ ದೊಡ್ಡದಿದ್ದರೆ ಒಳ್ಳೆಯ ಭಾಗ ಕೈಗೆ ಸಿಕ್ಕಿರುತ್ತದೆ. ಇಲ್ಲದಿದ್ದರೆ ಚಿಲ್ಲರೆ. ಒಂದು ಇನ್‌ವಾಯ್ಸ್‌ಗೆ ಎರಡು ಸಲ ಹುಸಿ ಬ್ರೇಕ್‌ಔಟ್ ಆದರೆ ಮೂರನೇ ಸಲ ಗೆರೆ ನೋಡುವುದಿಲ್ಲ. ಉಳಿದದ್ದನ್ನು ಮಾರಿ ನೋಟ್‌ಬುಕ್ ಪಕ್ಕಕ್ಕಿಡುತ್ತೇನೆ. ಆ ತಿಂಗಳು ಪೇಟೆಗೆ ದಿಕ್ಕಿಲ್ಲ ಅಂತ ಅರ್ಥ.

ಕೊನೆಯ ಕೆಲಸ ಲಾಟ್ ಮುಚ್ಚುವುದು. ಡಾಲರ್ ಖಾತೆಗೆ ಬಂತು ಅಂತ ಬ್ಯಾಂಕಿನಿಂದ ಮೆಸೇಜ್ ಬಂದ ದಿನ ಎರಡು ಕೆಲಸ ಒಂದರ ಹಿಂದೆ ಒಂದು ಮಾಡಿ. ಬ್ಯಾಂಕಿಗೆ ಫೋನ್ ಮಾಡಿ ರೂಪಾಯಿಗೆ ಬದಲಿಸಲು ದರ ಹಿಡಿಸಿ. ಅದಾದ ಹತ್ತು ನಿಮಿಷದೊಳಗೆ ಉಳಿದ ಎಲ್ಲ ಲಾಟ್ ವಾಪಸ್ ಕೊಳ್ಳಿ. ನಾಳೆ ಇನ್ನೂ ಹತ್ತು ಪೈಸೆ ಇಳಿಯಬಹುದು ಅಂತ ಲಾಟ್ ಇಟ್ಟುಕೊಂಡರೆ ಅದಕ್ಕೆ ಬೆನ್ನಿಗೆ ಇನ್‌ವಾಯ್ಸ್ ಇಲ್ಲ. ಅಲ್ಲಿಗೆ ಅದು ಬೇರೆ ವ್ಯವಹಾರವಾಯಿತು. ದುಡ್ಡು ಬರುವುದು ತಡವಾಗಿ ತಿಂಗಳ ಲಾಟ್ ಮೊದಲೇ ಮುಗಿಯುವಂತಿದ್ದರೆ, ಮುಗಿಯುವ ಎರಡು ದಿನ ಮೊದಲು ಹಳೆಯದನ್ನು ಕೊಂಡು ಮುಂದಿನ ತಿಂಗಳದ್ದನ್ನು ಮಾರಿ. ಆಮೇಲೆ ಇನ್‌ವಾಯ್ಸ್ ಪ್ರತಿಯ ಹಿಂದೆ ಮಾರಿದ ದರ, ಕೊಂಡ ದರ, ಬ್ಯಾಂಕ್ ಕೊಟ್ಟ ದರ, ಮೂರನ್ನೂ ಬರೆದು ಫೈಲಿಗೆ ಹಾಕಿ.